ಮೂರು ತಿಂಗಳು ಬಿಸಿಲಿಲ್ಲದ ಊರು

ಹೆಡ್ವಿಗ್ ಅವರಿಗೆ,

ಮೀರಾ ಮೆಸಾದಲ್ಲಿ ನಿಮ್ಮ ಬೇಲಿಯಾಚೆ ಮನೆಯ ವಾರಿಜಾ ಮಾಡುವ ನಮಸ್ಕಾರ. ನೀವು ಮಗಳ ಮನೆಗೆಂದು ವಾಲ್‌ನಟ್ ಊರಿಗೆ ಹೋಗಿ ಎರಡು ತಿಂಗಳಾಯಿತು. ನಿಮಗೆ ಕನ್ನಡ ಬಾರದೆಂದು ಗೊತ್ತು. ಆದರೆ ಇಂಥ ಮಾತು ನನಗೆ ಇಂಗ್ಲಿಷಿನಲ್ಲಿ ಬರೆಯಲು ಬರುವುದಿಲ್ಲ.

ನಾನು ಉಡುಪಿಯ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಭೂಗೋಳ ಕಲಿಸಿದವಳು. ಗೋಡೆಯ ನಕಾಶೆಯಲ್ಲಿ ಬೆತ್ತದ ತುದಿಯಿಂದ ಆಲ್ಪ್ಸ್ ತೋರಿಸಿದ್ದೇ ತೋರಿಸಿದ್ದು. ಹಿಮವನ್ನು ಮಾತ್ರ ಕಂಡವಳಲ್ಲ. 2020ರಲ್ಲಿ ಕಡಲು ದಾಟಿ ಈ ದೇಶಕ್ಕೆ, ಮಗ ದೀಪೇಶನ ಮನೆಗೆ ಬಂದು ಲಾಕ್‌ಡೌನಿನಲ್ಲಿ ಸಿಕ್ಕಿಕೊಂಡಾಗ, ಮೊಮ್ಮಗಳು ನಿಹಾರಿಕಾಗೆ ಇನ್ನು ನಾನೇ ಟೀಚರ್ ಎಂದು ಹಿಗ್ಗಿದ್ದೆ. ಅವಳೋ, ಲ್ಯಾಪ್‌ಟಾಪಿನ ಶಾಲೆ ಮುಗಿದದ್ದೇ ತಡ, ಬೇಲಿಗೆ ಓಡುತ್ತಿದ್ದಳು. ಅಲ್ಲಿ ನೀವು ಮಾಸ್ಕ್ ಹಾಕಿಕೊಂಡು ಸ್ವಿಟ್ಜರ್ಲೆಂಡಿನ ನಿಮ್ಮ ಹುಟ್ಟೂರಿನ ಕತೆ ಹೇಳುತ್ತಿದ್ದಿರಿ.

ಇಳಿಜಾರಿಗೆ ಅಂಟಿಕೊಂಡ ನಲವತ್ತು ಮರದ ಮನೆಗಳು. ಇಲಿ ಹತ್ತದಂತೆ ಕಣಜದ ಕಂಬಗಳ ಮೇಲೆ ಚಪ್ಪಟೆ ಕಲ್ಲು. ನಿಮ್ಮ ಮುತ್ತಜ್ಜನ ಕಾಲದಲ್ಲಿ ಹಿಮ ಕುಸಿದು ಚರ್ಚನ್ನೇ ಒಯ್ದದ್ದು. ಮತ್ತೆ ಕಟ್ಟುವಾಗ, ಹಿಮ ಎರಡಾಗಿ ಸೀಳಿ ಹೋಗಲೆಂದು ಹಿಂಗೋಡೆಯನ್ನು ದೋಣಿಯ ಮೂತಿಯಂತೆ ಚೂಪಾಗಿಸಿದ್ದು. ಊಟದ ಹೊತ್ತಿಗೆ ಅವಳು ಇದನ್ನೆಲ್ಲ ಇಂಗ್ಲಿಷಿನಲ್ಲಿ ಒದರುವಾಗ ನನ್ನ ಹೊಟ್ಟೆಯಲ್ಲಿ ಬೆಂಕಿ. ನನ್ನ ಆಲ್ಪ್ಸನ್ನು ನನ್ನ ಮೊಮ್ಮಗಳು ನಿಮ್ಮಿಂದ ಕಲಿಯುವುದೇ?

ಆಮೇಲೆ ಒಂದು ದಿನ ಹೇಳಿದಳು: ನವೆಂಬರಿನಿಂದ ಫೆಬ್ರವರಿ ಮೂರರವರೆಗೆ ಆ ಊರಿಗೆ ಬಿಸಿಲೇ ಇಲ್ಲವಂತೆ. ಬಿಸಿಲು ಮರಳುವ ಬೆಳಿಗ್ಗೆ ಮನೆಮನೆಯಲ್ಲೂ ಸಿಹಿ ಬ್ರೆಡ್ ಮಾಡುತ್ತಾರಂತೆ. ಈ ಸಲ ನೀವು ಅವಳಿಗೂ ಮಾಡಿಕೊಡುತ್ತೀರಂತೆ.

"ಅದೆಲ್ಲ ಸುಳ್ಳು ಮಗಾ. ಹಾಗೆ ಸೂರ್ಯ ಕಾಣದೇ ಇರೋದು ಧ್ರುವದ ಹತ್ತಿರ ಮಾತ್ರ. ಆ ಅಜ್ಜಿ ನಿನ್ನನ್ನು ಮಂಗ ಮಾಡ್ತಾ ಇದ್ದಾರೆ" ಎಂದೆ.

ಹೇಳುವಾಗಲೇ ನನಗೆ ಗೊತ್ತಿತ್ತು, ಹೆಡ್ವಿಗ್. ದಕ್ಷಿಣಕ್ಕೆ ಎತ್ತರದ ಬೆಟ್ಟವಿದ್ದರೆ ಚಳಿಗಾಲದ ತಗ್ಗಿದ ಸೂರ್ಯ ಅದರ ಹಿಂದೆಯೇ ಹಾದುಹೋಗುತ್ತಾನೆ. ಗೊತ್ತಿದ್ದೂ ತಪ್ಪು ಪಾಠ ಹೇಳಿದ್ದು ಜೀವನದಲ್ಲಿ ಅದೊಂದೇ ಸಲ.

ಅವಳು ನಂಬಿದಳು. ಬೇಲಿಯ ಕಡೆ ಹೋಗುವುದನ್ನೇ ಬಿಟ್ಟಳು. ಫೆಬ್ರವರಿ ಮೂರರಂದು ನೀವು ಬ್ರೆಡ್ಡಿನ ತಟ್ಟೆ ಹಿಡಿದು ಅಂಗಳದಲ್ಲಿ ಕಾದಿರಿ. ಅಡುಗೆಮನೆಯ ಕಿಟಕಿಯಲ್ಲಿ ನನ್ನನ್ನು ಕಂಡು ಕೈ ಬೀಸಿದಿರಿ. ನಾನು ಪರದೆ ಎಳೆದೆ.

ಕಳೆದ ವಾರ ಅವಳ ಆನ್‌ಲೈನ್ ಕ್ಲಾಸಿನಲ್ಲಿ ಆಲ್ಪ್ಸ್ ಬಂತು. ಬಿಸಿಲಿಲ್ಲದ ಹಳ್ಳಿಗಳೂ ಉಂಟೆಂದು ಟೀಚರ್ ಹೇಳಿದರೆ, ಇವಳು ಒಪ್ಪಲೇ ಇಲ್ಲ. ನನ್ನಜ್ಜಿ ಭೂಗೋಳದ ಟೀಚರ್, ಅವರಿಗೆ ತಪ್ಪಾಗುವುದಿಲ್ಲ ಎಂದು ಎಲ್ಲರೆದುರು ವಾದಿಸಿದಳು. ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ನನಗೆ ಕೂರಲಾಗಲಿಲ್ಲ. ಕ್ಲಾಸು ಮುಗಿದ ಮೇಲೆ ನಿಜ ಹೇಳಿದೆ.

"ಅಜ್ಜಿ, ಯು ನ್ಯೂ?" ಎಂದಳು. ಹೌದು, ಗೊತ್ತಿತ್ತು ಎಂದೆ. ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋದಳು. ಸಂಜೆ ಬಂದು, ಅಪರೂಪಕ್ಕೆ ಕನ್ನಡದಲ್ಲೇ, "ಅವರಿಗೆ ನೀವೇ ಹೇಳಿ. ನಾನು ಇಂಗ್ಲಿಷ್ ಮಾಡ್ತೇನೆ. ಒಂದೂ ಬಿಡಲ್ಲ" ಎಂದಳು.

ಶನಿವಾರ ದೀಪೇಶ ಸಾಮಾನು ತರಲು ಆರ್ಟೀಸಿಯಾದ ನಮ್ಮ ದೇಶದವರ ಅಂಗಡಿಗಳಿಗೆ ಡ್ರೈವ್ ಮಾಡುತ್ತಾನೆ. ಅಲ್ಲಿಂದ ನಿಮ್ಮಲ್ಲಿಗೆ ಬರುತ್ತೇವೆ. ನಾನು ಇದನ್ನು ಓದುತ್ತೇನೆ, ಅವಳು ನಿಮಗೆ ಹೇಳುತ್ತಾಳೆ. ಹೊಟ್ಟೆಕಿಚ್ಚು ಹೋಯಿತೆಂದು ಬರೆದರೆ ಅದು ಎರಡನೇ ಸುಳ್ಳಾದೀತು. ಕಾರಿಳಿದೊಡನೆ ಅವಳು ನಿಮ್ಮ ಕಡೆಗೇ ಓಡುತ್ತಾಳೆ, ನನಗೆ ಉರಿಯುತ್ತದೆ. ಉರಿಯಲಿ. ನೀವು ಕರೆಯುವವರೆಗೆ ನಾನು ಕಾರಿನ ಹತ್ತಿರವೇ ನಿಂತಿರುತ್ತೇನೆ.

ನಿಮ್ಮ ಮಂಡಿನೋವು ಕಡಿಮೆಯಾಗಿ, ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಕ್ಷಮೆ ಕೇಳುವ,
ವಾರಿಜಾ