ಒತ್ತಕ್ಷರಕ್ಕೂ ಪೂರಾ ಟಿಕೆಟ್ಟು

ಮನೆಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಗಡಿಬಿಡಿಗೆ,

ಹೇಗಿದ್ದೀಯ? ಎಂಜಿನ್ ಕೋಣೆಯ ಶಾಖಕ್ಕೆ ಎದ್ದಿದ್ದ ಬೆವರುಸಾಲೆ ಇಳಿಯಿತೇ? ನಾನು ಕಳಿಸಿದ ಮುಲಾಮನ್ನು ಮೈಗೇ ಹಚ್ಚುತ್ತಿದ್ದೀಯೋ, ಯಾವುದಾದರೂ ಬೋಲ್ಟಿಗೆ ಸವರಿ ಮುಗಿಸಿದೆಯೋ? ನಾನು ಚೆನ್ನಾಗಿದ್ದೇನೆ. ಅಡುಗೆಮನೆಯ ನಲ್ಲಿಯನ್ನು ನೀನು ಬಿಗಿ ಮಾಡಿ ಹೋದ ಮೇಲೆ ಅದು ಯಾರ ಕೈಗೂ ತಿರುಗುತ್ತಿಲ್ಲ. ಇಕ್ಕಳ ಹಿಡಿದು ನೀರು ಕುಡಿಯುತ್ತಿದ್ದೇವೆ. ಅತ್ತೆಯ ವಿಷಯ ಮುಂದೆ ಬರೆಯುತ್ತೇನೆ.

ಈ ಕಾಗದದ ಜೊತೆಗಿರುವ ಪೆನ್‌ಡ್ರೈವನ್ನು ಹಡಗಿನ ರೇಡಿಯೋದವರಿಗೆ ಕೊಡು. ನಮ್ಮ ಕಚೇರಿಗೂ ನಿಮ್ಮ ಹಡಗಿಗೂ ನಡುವೆ ಸಂದೇಶ ಸಾಗಿಸುವ ಪ್ರೋಗ್ರಾಮನ್ನು ಬರೆದವರ ಕಾಲದಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಅಕ್ಷರ ಸಮುದ್ರಕ್ಕೆ ಇಳಿಯುತ್ತಿರಲಿಲ್ಲ. ಕನ್ನಡ ಟೈಪಿಸಿದರೆ ಆ ತುದಿಯಲ್ಲಿ ಬರೀ ಪ್ರಶ್ನೆ ಚಿಹ್ನೆಗಳ ಸಾಲು. ಹಾಗಾಗಿ ಇಷ್ಟು ದಿನ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದುಕೊಂಡೆವು. ಇಂಗ್ಲಿಷ್ ಬಾರದ ಅತ್ತೆಗೆ ನಾನೇ ಕಣ್ಣು, ನಾನೇ ಕೈ. ಯಂತ್ರಕ್ಕೆ ಬಲೆ ಸಿಕ್ಕಿಕೊಂಡಿತು ಎಂದು ನೀನು ಬರೆದದ್ದನ್ನು ನಾನು ‘ಬಳೆ’ ಎಂದು ಓದಿ, ಅವರು ನಿನ್ನ ಕೈ ಏನಾಯಿತೋ ಎಂದು ವಾರವಿಡೀ ಅನ್ನ ಸೇರದೆ ಕೂತದ್ದು ನೆನಪಿದೆಯಲ್ಲ?

ಹೋದ ಸಲದ ದೋಣಿಯಲ್ಲಿ ಕಳಿಸಿದ ಪ್ರೋಗ್ರಾಮಿನಿಂದ ಕನ್ನಡ ಹೋಗುವಂತಾಯಿತು. ಪರೀಕ್ಷೆಗೆಂದು ಮೊನ್ನೆ ಅತ್ತೆಯನ್ನೇ ಕೂರಿಸಿದೆ. “ನೀವು ಆ ಕಡೆ ಹೋಗಿ, ನಾನೇ ಬರೀತೀನಿ” ಎಂದು ನನ್ನನ್ನು ಹೊರಗೆ ಅಟ್ಟಿ, ಒಂದೇ ಬೆರಳಲ್ಲಿ ಕುಟ್ಟಿ ಕಳಿಸಿದರು. ನಿನ್ನ ಉತ್ತರ ಬಂತು: “ಸದ್ಯ ಅಮ್ಮ, ಈಗ ನೆಮ್ಮ”. ಅಷ್ಟೇ, ಮುಂದಿನದು ಇಲ್ಲ. ಅತ್ತೆ ಅದನ್ನು ತಾವೇ ಓದಿಕೊಂಡರು. ಯಾಕೋ ಹಿಗ್ಗಲಿಲ್ಲ. ಅಷ್ಟರಲ್ಲಿ ರೇಡಿಯೋದವರು ಹಳೆಯಂತೆ ಇಂಗ್ಲಿಷ್ ಅಕ್ಷರಗಳಲ್ಲೇ, “ನಮಗೂ ‘ಎಲ್ಲರೂ ಚೆನ್ನಾಗಿದ’ ಅಂತಷ್ಟೇ ಬಂದಿದೆ, ಬಾಲ ಎಲ್ಲಿ ಸ್ವಾಮಿ?” ಎಂದು ಕೇಳಿದರು.

ತಪ್ಪು ಸಿಕ್ಕಿತು. ರೇಡಿಯೋದಲ್ಲಿ ಹೋಗುವುದು ಅಕ್ಷರವಲ್ಲ, ಬೈಟು ಎಂಬ ತುಣುಕುಗಳು. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟಾದರೆ ನಮ್ಮದಕ್ಕೆ ಮೂರು. ಕೊಂಬು, ಒತ್ತುಗಳಿಗೆ ಬೇರೆ. ಹಳೆಯ ಪ್ರೋಗ್ರಾಮು ಅಕ್ಷರ ಎಣಿಸಿ “ಇಷ್ಟು ಬರುತ್ತದೆ” ಎಂದು ಮೊದಲೇ ಹೇಳಿಬಿಡುತ್ತಿತ್ತು. ಎದುರಿನದು ಅಷ್ಟೇ ಬೈಟು ಒಳಗೆ ಬಿಟ್ಟು ಬಾಗಿಲು ಹಾಕುತ್ತಿತ್ತು. ಮೂರರಲ್ಲಿ ಎರಡು ಪಾಲು ಹೊರಗೇ. ಇದನ್ನು ವಿವರಿಸಿದಾಗ ಅತ್ತೆ, “ಅಂದ್ರೆ ಒತ್ತಕ್ಷರಕ್ಕೂ ಪೂರಾ ಟಿಕೆಟ್ಟಾ? ಕಂಕುಳಲ್ಲಿರೋ ಕೂಸಿಗೂ?” ಎಂದು ನಕ್ಕರು. ಉಳಿದದ್ದನ್ನು ಮತ್ತೆ ಕಳಿಸಲೇ ಎಂದಾಗ ಮಾತ್ರ ನಗು ನಿಂತಿತು. “ಬೇಡ ಬಿಡಿ ಅಳಿಯಂದ್ರೇ. ಅಷ್ಟು ಹೋಗಿದ್ದೇ ಒಳ್ಳೇದಾಯ್ತು.”

ಈಗ ಬೈಟುಗಳನ್ನೇ ಎಣಿಸುವಂತೆ ಮಾಡಿದ್ದೇನೆ. ಪೂರ್ತಿ ಬಂದು ಸೇರಿದ ಮೇಲೆಯೇ ಅವು ಅಕ್ಷರವಾಗುತ್ತವೆ. ನಿಮ್ಮ ಕಡೆಯೂ ಹಾಕಿದರೆ ಸರಿಹೋಗುತ್ತದೆ. ರೇಡಿಯೋದವರಿಗೆ ನನ್ನ ನಮಸ್ಕಾರ. ಮೈ ಕೈ ಜೋಪಾನ.

ದಡದಲ್ಲಿರುವ
ನಿನ್ನ ಗಂಡ

ತಾ.ಕ.: ಮರೆತಿದ್ದೆ ಎನ್ನಲಾರೆ, ಮೇಲೆ ಬರೆಯಲು ಕೈ ಬರಲಿಲ್ಲ. ಅತ್ತೆ ಬರೆದದ್ದು ಇಷ್ಟು: “ಎಲ್ಲರೂ ಚೆನ್ನಾಗಿದ್ದಾರೆ. ನಾನು ಮಾತ್ರ ಚೆನ್ನಾಗಿಲ್ಲ.” ತಪ್ಪು ಹುಡುಕುವಾಗ ಕಣ್ಣಿಗೆ ಬಿತ್ತು. ಏನೆಂದು ಕೇಳಿದರೆ ನನಗೆ ಹೇಳಲಿಲ್ಲ. ಪಕ್ಕದ ಮನೆಯ ನರ್ಸಮ್ಮನನ್ನು ಕರೆದುತಂದೆ. ಎದೆಯಲ್ಲಿ ಗಂಟಿದೆ. ತಿಂಗಳುಗಳಿಂದ ಇದೆಯಂತೆ, ಅಳಿಯನ ಕೈಯಲ್ಲಿ ಬರೆಸುವ ಮಾತೇ ಅದು ಎಂದು ಸುಮ್ಮನಿದ್ದರಂತೆ. ಬೇಗ ತೋರಿಸಬೇಕು ಎನ್ನುತ್ತಾರೆ ನರ್ಸಮ್ಮ. ಅತ್ತೆಯದು ಒಂದೇ ಹಟ, ಮಗಳು ಬರಲಿ. ಸಂದೇಶ ಕಳಿಸಿದರೆ ರೇಡಿಯೋ ಕೋಣೆಯಲ್ಲಿ ನಾಲ್ಕು ಜನ ಓದುತ್ತಾರೆ, ಅದಕ್ಕೇ ಈ ಕಾಗದ. ನಾಳೆ ಸಾಮಾನಿನ ಜೊತೆ ಈ ಕಾಗದವನ್ನೂ ತರುವ ದೋಣಿಯವರು ವಾಪಸು ಬರುವಾಗ ನಿನಗೊಂದು ಜಾಗ ಇಟ್ಟಿರುತ್ತಾರೆ. ಹತ್ತಿಬಿಡು.