ದೇವರಿಗೆಂದು ಹೇಳಿದ ಮಾತು ಮಾರಾಟವಾದ ಬಗ್ಗೆ

ಗ್ರಾಹಕರ ಹಿತ ಕಾಯುವ ಕಚೇರಿಯ ಹಿರಿಯ ಅಧಿಕಾರಿಗಳೇ,

ಇವತ್ತು ನನಗೆ ಉಪವಾಸ. ಬೆಳಿಗ್ಗೆ ಎದ್ದು ನೀರು ಹಿಡಿದು, ಬಾಗಿಲ ಮುಂದೆ ಗುಡಿಸಿ, ದೇವರಿಗೆ ದೀಪ ಹಚ್ಚಿ, ಹದಿನೆಂಟು ಅಂಗಿಗಳಿಗೆ ಇಸ್ತ್ರಿ ಹಾಕಿ ಮಡಚಿಟ್ಟು ಈಗ ಬರೆಯಲು ಕೂತಿದ್ದೇನೆ. ಉಪವಾಸದ ದಿನ ಸುಳ್ಳು ಹೇಳಬಾರದು, ಸಿಟ್ಟು ಮಾಡಬಾರದು ಎಂದು ನನ್ನ ತಾಯಿ ಹೇಳುತ್ತಿದ್ದಳು. ಮೊದಲನೆಯದನ್ನು ಪಾಲಿಸುತ್ತೇನೆ. ಎರಡನೆಯದಕ್ಕೆ ದೇವರು ಇವತ್ತೊಂದು ದಿನ ರಿಯಾಯಿತಿ ಕೊಡಲಿ. ನನ್ನ ದೂರು ಇಷ್ಟು: ನಾನು ದೇವರಿಗೆಂದು ಹೇಳಿದ ಮಾತನ್ನು ಒಂದು ಕಂಪನಿ ಮಾರಿಕೊಂಡಿತು. ಆ ಮಾತು ನನ್ನದೂ ಆಗಿರಲಿಲ್ಲ. ನನ್ನ ಸೊಸೆಯದು.

ಸೊಸೆಗೆ ತಾಯಿ ಇಲ್ಲ. ಕಳೆದ ತಿಂಗಳು ಆಸ್ಪತ್ರೆಯಿಂದ ಬಂದವಳು ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ತಾಯಿಗೆ ಮಾತ್ರ ಹೇಳಬಹುದಾದ ಒಂದು ಸಂಗತಿಯನ್ನು ನನಗೆ ಹೇಳಿದಳು. ಏನೆಂದು ಇಲ್ಲಿ ಬರೆಯುವುದಿಲ್ಲ. ತಿಳಿಯಲೇಬೇಕಾದರೆ ಆ ಕಂಪನಿಯನ್ನು ಕೇಳಿ, ಅವರ ಬಳಿ ಚೆನ್ನಾಗಿ ಬರೆದಿಟ್ಟಿದೆ. “ಇನ್ನೊಂದು ಪರೀಕ್ಷೆ ಆಗೋವರೆಗೂ ಯಾರಿಗೂ ಬೇಡ ಅತ್ತೆ. ನಿಮ್ಮ ಮಗನಿಗೂ ಬೇಡ” ಎಂದಳು. “ನನ್ನ ಬಾಯಿಂದ ಒಂದಕ್ಷರ ಹೊರಗೆ ಹೋದ್ರೆ ಕೇಳು” ಎಂದೆ. ಆ ಪರೀಕ್ಷೆಗೆ ಇಬ್ಬರೂ ಒಟ್ಟಿಗೆ ಹೋಗುವುದು, ಅವಳು ಒಳಗೆ ಇರುವಷ್ಟು ಹೊತ್ತು ನಾನು ಹೊರಗಿನ ಬೆಂಚಿನ ಮೇಲೆ ಕೂತು ಪ್ರಾರ್ಥಿಸುವುದು ಎಂದು ಮಾತಾಯಿತು.

ಬಾಯಿಂದ ಹೋಗಲಿಲ್ಲ, ನಿಜ. ಬೆರಳಿನಿಂದ ಹೋಯಿತು.

ಇಸ್ತ್ರಿ ಹಾಕುವಾಗ ಫೋನಿನಲ್ಲಿ ಭಕ್ತಿಗೀತೆ ಹಚ್ಚಿಡುವುದು ನನ್ನ ರೂಢಿ. ನಡುವೆ ಒಂದು ಜಾಹೀರಾತು ಬಂತು. ಬಿಳಿ ಬಟ್ಟೆ, ಬಿಳಿ ಗಡ್ಡದ ಹಿರಿಯರೊಬ್ಬರು ಕೈಮುಗಿದು ಹೇಳಿದರು: “ನಿಮ್ಮ ಮೊರೆ, ದೇವರ ಕಿವಿ. ನಡುವೆ ಯಾರೂ ಇಲ್ಲ. ಒಂದು ಕಾಸೂ ಬೇಡ.” ಇಪ್ಪತ್ತೆರಡು ವರ್ಷದಿಂದ ಊರವರ ಬಟ್ಟೆಗೆ ಇಸ್ತ್ರಿ ಹಾಕುವವಳು ನಾನು, ಅವರ ಅಂಗಿ ನೋಡಿಯೇ ಅನುಮಾನ ಬರಬೇಕಿತ್ತು. ಆಗತಾನೇ ಪೊಟ್ಟಣ ಒಡೆದು ತೊಟ್ಟ ಹೊಸ ಅಂಗಿಯ ಮಡಿಕೆ ಗೆರೆ ಎದೆಯ ಮೇಲೆ ಎದ್ದು ಕಾಣುತ್ತಿತ್ತು. ವೇಷಕ್ಕೆಂದೇ ತಂದ ಬಟ್ಟೆ. ಆದರೆ ನಾನು ನೋಡಿದ್ದು ಮುಗಿದ ಕೈಗಳನ್ನು.

ಒತ್ತಿದೆ. ಯಾರಿಗಾಗಿ ಪ್ರಾರ್ಥನೆ, ಪೂರ್ತಿ ಹೆಸರು, ವಯಸ್ಸು, ಅವರು ನಿಮಗೇನಾಗಬೇಕು, ಅವರ ಫೋನ್ ನಂಬರು, ಕಷ್ಟ ಏನು ಎಂದು ಒಂದೊಂದಾಗಿ ಕೇಳಿತು. ದೇವರಿಗೆ ಫೋನ್ ನಂಬರು ಯಾಕೆ ಎಂದು ನೀವು ನಗಬಹುದು. ಪ್ರಾರ್ಥನೆಯಲ್ಲಿ ಅರ್ಧ ಹೇಳಿ ಅರ್ಧ ಮುಚ್ಚಿಡಬಾರದು ಎಂದು ನಂಬಿ ಬೆಳೆದವಳು ನಾನು. ಅದೇ ಹೆಸರಿನವರು ಊರಲ್ಲಿ ಹತ್ತು ಮಂದಿ ಇದ್ದಾರೆ, ಗೊಂದಲವಾಗುವುದು ಬೇಡ ಎಂದು ಅವಳ ಆಸ್ಪತ್ರೆ ಚೀಟಿ ತೆಗೆದು ನೋಡಿ, ಕಾಯಿಲೆಯ ಹೆಸರನ್ನು ಒಂದಕ್ಷರ ತಪ್ಪದ ಹಾಗೆ ತುಂಬಿದೆ. ಬುದ್ಧಿವಂತರು ಇಂಥ ಕಡೆ ಸುಳ್ಳು ನಂಬರು ಹಾಕುತ್ತಾರಂತೆ. ದೇವರಿಗೆ ಸುಳ್ಳು ನಂಬರು ಕೊಡುವಷ್ಟು ಬುದ್ಧಿ ನನಗೆ ಬರಲಿಲ್ಲ.

ಒಂಬತ್ತನೆಯ ದಿನ ಉತ್ತರ ಬಂತು. ನನಗಲ್ಲ, ಸೊಸೆಗೆ. ಅವಳು ಔಷಧಿ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಟೇಪು ಹಚ್ಚುವ ಕೆಲಸದವಳು. ಎರಡು ಕೈಯೂ ಟೇಪಿನಲ್ಲಿ ಇರುವುದರಿಂದ ಆ ಮೇಜಿನ ಹೆಂಗಸರು ಫೋನ್ ಬಂದರೆ ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕುತ್ತಾರೆ. ಅವಳೂ ಹಾಗೆಯೇ ಮಾಡಿದಳು. ಯಾವುದೋ ಕ್ಲಿನಿಕ್ಕಿನ ಹುಡುಗಿ ಜೇನು ಸುರಿದ ದನಿಯಲ್ಲಿ ಕಾಯಿಲೆಯ ಹೆಸರು ಹಿಡಿದು, “ಮೇಡಂ, ಈ ವಾರ ನೋಂದಾಯಿಸಿದ್ರೆ ಮೊದಲ ಭೇಟಿ ಉಚಿತ. ನಿಮ್ಮ ಅತ್ತೆಯವರು ನಿಮ್ಮ ಬಗ್ಗೆ ತುಂಬಾ ಚಿಂತೇಲಿದ್ದಾರೆ. ಅವರೇ ನಿಮ್ಮ ವಿವರ ಕೊಟ್ಟಿದ್ದು” ಎಂದಳು. ಹನ್ನೊಂದು ಜನ ಕೇಳಿಸಿಕೊಂಡರು. ಅದರಲ್ಲಿ ಒಬ್ಬಳ ಗಂಡ ನನ್ನ ಮಗನ ಗೆಳೆಯ. ಸಂಜೆಯೊಳಗೆ ಮಗನಿಗೂ ಮುಟ್ಟಿತು, ಹೆಂಡತಿಯ ಸಂಕಟ ಮೂರನೆಯವರ ಬಾಯಿಂದ.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಕೇಳಿದಳು. “ಯಾರಿಗೂ ಹೇಳಲ್ಲ ಅಂದಿದ್ರಲ್ಲ ಅತ್ತೆ?”

“ದೇವರನ್ನ ಬಿಟ್ಟು ಯಾರಿಗೂ ಹೇಳಿಲ್ಲ ಕಣಮ್ಮ.”

“ದೇವರು ಫೋನ್ ಮಾಡಿ ಆಫರ್ ಕೊಡ್ತಾನಾ?”

ನಾನು ಫೋನ್ ತೆಗೆದು ಆ ಹಿರಿಯರನ್ನು ತೋರಿಸಲು ಹೋದೆ. ಅವಳು ನೋಡಲಿಲ್ಲ. “ನನ್ನಮ್ಮ ಇದ್ದಿದ್ರೆ ನಿಮ್ಮ ಹತ್ರ ಬರ್ತಾನೇ ಇರ್ಲಿಲ್ಲ” ಎಂದು ಒಳಗೆ ಹೋದಳು. ಅಂದಿನಿಂದ ಉಪ್ಪು ಎಲ್ಲಿ, ಬೀಗದ ಕೈ ಎಲ್ಲಿ, ಇಷ್ಟೇ ಮಾತು. ಆಸ್ಪತ್ರೆಯ ಕಡತ ಈಗ ಅವಳ ಕಪಾಟಿನಲ್ಲಿ, ಬೀಗದೊಳಗೆ. ಪರೀಕ್ಷೆಗೆ ಒಬ್ಬಳೇ ಹೋಗುತ್ತಾಳಂತೆ.

ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯಾಕೆ ನಾಲ್ಕು ಅಕ್ಷರ ಬಲ್ಲವಳು. ಅವಳ ಕೈಯಲ್ಲಿ ಫೋನ್ ಕೊಟ್ಟೆ. ಇರುವೆ ಸಾಲಿನಂಥ ಅಕ್ಷರದಲ್ಲಿ, ನನಗೆ ಬಾರದ ಭಾಷೆಯಲ್ಲಿ ಬರೆದಿದ್ದ ಷರತ್ತುಗಳನ್ನು ಓದಿ ಹೇಳಿದಳು: “ಅಕ್ಕಾ, ನಿನ್ನ ಮಾತನ್ನ ಪಾಲುದಾರರ ಜೊತೆ ಹಂಚ್ಕೋತೀವಿ ಅಂತ ಹಾಕಿದ್ದಾರೆ. ನೂರಾ ನಲವತ್ತಾರು ಪಾಲುದಾರರು.” ನಡುವೆ ಯಾರೂ ಇಲ್ಲ ಎಂದಿದ್ದರಲ್ಲ ಮಾನ್ಯರೇ? ಒಂದು ಮದುವೆಯ ದಿಬ್ಬಣವೇ ಇತ್ತು! ದೊಡ್ಡಕ್ಷರದಲ್ಲಿ ಸುಳ್ಳು ಹೇಳಿ, ಸಣ್ಣಕ್ಷರದಲ್ಲಿ ನಿಜ ಹೇಳಿದರೆ ಅದಕ್ಕೆ ಒಪ್ಪಿಗೆ ಎಂದು ಯಾವ ಶಾಲೆಯಲ್ಲಿ ಹೇಳಿಕೊಡುತ್ತಾರೆ? ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ, ಏಳನೆಯವರೆಗೆ. ಅಲ್ಲಿ ಅದಕ್ಕೆ ಮೋಸ ಎನ್ನುತ್ತಿದ್ದರು.

ನನ್ನ ಬಳಿಗೆ ಬರುವ ಬಟ್ಟೆಗಳ ಜೇಬಿನಲ್ಲಿ ಏನೇನೋ ಸಿಗುತ್ತದೆ. ಕಾಗದ, ಔಷಧಿ ಚೀಟಿ, ಮಡಚಿದ ಫೋಟೊ. ಒಂದನ್ನೂ ಬಿಡಿಸಿ ನೋಡದೆ ಲಕೋಟೆಗೆ ಹಾಕಿ, ಬಟ್ಟೆಯ ಜೊತೆಗೇ ವಾಪಸು ಕೊಟ್ಟಿದ್ದೇನೆ. ಅಂಗಿ ನನ್ನ ಕೈಗೆ ಬಂದಿದೆ ಎಂದ ಮಾತ್ರಕ್ಕೆ ಜೇಬು ನನ್ನದಾಗುತ್ತದೆಯೇ? ಇದನ್ನು ನನಗೆ ಯಾವ ಕಾನೂನೂ ಕಲಿಸಲಿಲ್ಲ. ಎತ್ತರದ ಕಟ್ಟಡದಲ್ಲಿ ಕೂತ ಕಂಪನಿಗೆ ಇಷ್ಟು ತಿಳಿಯಲು ಇನ್ನೆಷ್ಟು ಓದಬೇಕು?

ನಿಮ್ಮ ಕಚೇರಿಗೂ ಬಂದಿದ್ದೆ. ಮೂರನೆಯ ಕಿಟಕಿಯಲ್ಲಿ ಕೂತವರು ತಲೆಯೆತ್ತದೆ ಕೇಳಿದರು. “ರಸೀದಿ ಇದೆಯೇನಮ್ಮಾ?”

“ಉಚಿತ ಅಂದಿದ್ರು, ರಸೀದಿ ಎಲ್ಲಿಂದ ಬರುತ್ತೆ?”

“ದುಡ್ಡು ಕೊಡದೇ ಇದ್ರೆ ನೀವು ಗ್ರಾಹಕರೇ ಅಲ್ಲ. ಹೋಗ್ಲಿ, ನಷ್ಟ ಎಷ್ಟಾಯ್ತು?”

ಎಷ್ಟೆಂದು ಹೇಳಲಿ? ಸೊಸೆ ಮಾತು ಬಿಟ್ಟದ್ದನ್ನು ತಕ್ಕಡಿಯಲ್ಲಿ ಹಾಕಲೇ? ಮರುಗಿಯೋ ಏನೋ, ಕೊನೆಗೆ ಅವರೊಂದು ಅರ್ಜಿ ನಮೂನೆ ಕೊಟ್ಟರು. ನೊಂದವರ ಪೂರ್ತಿ ಹೆಸರು, ವಯಸ್ಸು, ಸಂಬಂಧ, ಫೋನ್ ನಂಬರು, ಬಹಿರಂಗವಾದ ವಿಷಯದ ವಿವರ. ಕೆಳಗೊಂದು ಚೌಕ: ಈ ಮಾಹಿತಿಯನ್ನು ಸಂಬಂಧಪಟ್ಟವರೊಂದಿಗೆ ಹಂಚಿಕೊಳ್ಳಲು ನನ್ನ ಒಪ್ಪಿಗೆ ಇದೆ. ಪೆನ್ನು ಕೆಳಗಿಟ್ಟೆ ಸ್ವಾಮಿ. ಒಂದೇ ಕಲ್ಲಿಗೆ ಎರಡು ಸಲ ಎಡವುವಷ್ಟು ದಡ್ಡಿ ನಾನಲ್ಲ. ಕಂಪನಿಯ ಹೆಸರನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದು ಕೊಟ್ಟು, ನಮೂನೆಯನ್ನು ಅಲ್ಲೇ ಇಟ್ಟು ಬಂದೆ. ಅದಕ್ಕೇ ಈ ಪತ್ರ, ಹೆಸರಿಲ್ಲದೆ, ಪೇಪರಿನಲ್ಲಿ, ಊರೆಲ್ಲ ಓದುವ ಹಾಗೆ.

ನನ್ನ ತಪ್ಪೇ ಇಲ್ಲ ಎನ್ನುವುದಿಲ್ಲ. ಅವಳ ಚೀಟಿ ಮುಟ್ಟುವ ಮುಂಚೆ ಅವಳನ್ನು ಕೇಳಬೇಕಿತ್ತು. ದೀಪದ ಮುಂದೆ ಕೂತು ಹೇಳಿದ್ದರೆ ಸಾಕಿತ್ತು, ಅಲ್ಲಿ ಪಾಲುದಾರರು ಇರಲಿಲ್ಲ. ಆದರೆ ನನ್ನ ತಪ್ಪು ಪೆದ್ದುತನದ್ದು. ಅವರದ್ದು ಕಸುಬು. ಇವತ್ತು ಬೆಳಿಗ್ಗೆಯೂ ಅದೇ ಹಿರಿಯರು ಅದೇ ಅಂಗಿಯಲ್ಲಿ ಬಂದು ಕೈಮುಗಿದರು.

ಆ ಜಾಹೀರಾತನ್ನು ನಿಲ್ಲಿಸಿ. ನೂರಾ ನಲವತ್ತಾರು ಕಡೆಯಿಂದಲೂ ನನ್ನ ಸೊಸೆಯ ಹೆಸರನ್ನು ಅಳಿಸಿಹಾಕಿಸಿ. ಪರಿಹಾರದ ಹಣ ನನಗೆ ಬೇಡ, ಒಂದು ಹಾಳೆ ಬೇಕು. ಆ ಕಂಪನಿಯನ್ನು ಕರೆಸಿ ವಿಚಾರಿಸಿ, ನಿಮ್ಮ ಮೊಹರು ಒತ್ತಿ ಬರೆದುಕೊಡಿ: ಈ ಹೆಂಗಸು ಯಾವ ಕ್ಲಿನಿಕ್ಕಿಗೂ ಹೇಳಲಿಲ್ಲ, ಪ್ರಾರ್ಥನೆ ಎಂದು ನಂಬಿಸಿ ಇವಳಿಂದ ಮಾತು ಕಿತ್ತುಕೊಂಡರು ಎಂದು. ಪರೀಕ್ಷೆಗೆ ಇನ್ನು ಹನ್ನೆರಡು ದಿನ ಇದೆ. ಅಷ್ಟರೊಳಗೆ ಬೇಕು. ಬರೆದು ಮೂರನೆಯ ಕಿಟಕಿಯಲ್ಲಿ ಇಡಿ. ಮೇಲೆ “ಇಸ್ತ್ರಿಯವಳಿಗೆ” ಎಂದಿದ್ದರೆ ಸಾಕು.

ಮಗಳೇ, ಗೋದಾಮಿನಲ್ಲಿ ಊಟದ ಹೊತ್ತಿಗೆ ನೀವೆಲ್ಲ ಈ ಪೇಪರು ಓದುತ್ತೀರಿ ಎಂದು ಗೊತ್ತು. ನೀನು ಹೋಗುವ ಬಸ್ಸು ಆ ಕಚೇರಿಯ ಮುಂದೆಯೇ ನಿಲ್ಲುತ್ತದೆ. ಉತ್ತರ ಬಂದಿದೆಯೇ ಎಂದು ಕೇಳಿ ನೀನೇ ಇಸಿದುಕೊಂಡು ಬಾ. ನಾನು ತಂದುಕೊಟ್ಟರೆ ನಾನೇ ಬರೆಸಿದ್ದು ಅನ್ನಿಸೀತು. ಲಕೋಟೆ ಒಡೆದು ಮೊದಲು ನೀನು ಓದು. ನನಗೆ ಓದಿ ಹೇಳುವುದೂ ಬಿಡುವುದೂ ನಿನಗೆ ಸೇರಿದ್ದು.

ಇಂತಿ,
ರಸೀದಿ ಇಲ್ಲದ ಕಾರಣ ಗ್ರಾಹಕಳಲ್ಲದ,
ಆಸ್ಪತ್ರೆಯ ಬೆಂಚಿನಲ್ಲಿ ಒಂದು ಜಾಗಕ್ಕಾಗಿ ಕಾದಿರುವ
ಒಬ್ಬ ಅತ್ತೆ