ಕೆರೆಯ ಹೆಸರೆತ್ತದವನು

೧೧ನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಮರಿ,

ನೀನು ಸೌಖ್ಯವಾಗಿದ್ದೀಯ ಎಂದುಕೊಂಡೇ ಶುರು ಮಾಡುತ್ತೇನೆ. ನಿನ್ನ ಪತ್ರ ಬಂದು ಒಂದೂವರೆ ತಿಂಗಳಾಯಿತು. ಪುರುಸೊತ್ತಿರಲಿಲ್ಲ ಎಂದರೆ ನಗುತ್ತೀಯ. ಬರೆಯಲು ಕೂತಾಗಲೆಲ್ಲ ಬಿಸಿಲು, ಮೋಡದ ಸಮಾಚಾರ ಮುಗಿಯುತ್ತಲೇ ಪೆನ್ನು ನಿಂತುಬಿಡುತ್ತಿತ್ತು. ಬೇಸರ ಮಾಡಿಕೊಳ್ಳಬೇಡ.

ನಾನು ಚೆನ್ನಾಗಿದ್ದೇನೆ. ಮಂಡಿನೋವು ತನ್ನ ಪಾಡಿಗೆ ತಾನಿದೆ. ಒಂದು ಹೊತ್ತು ಬೇಯಿಸಿ ಎರಡು ಹೊತ್ತು ಉಣ್ಣುತ್ತೇನೆ, ಹೆಚ್ಚಾಗಿ ಒಲೆಯ ಪಕ್ಕ ನಿಂತುಕೊಂಡೇ. ಹೋದ ವರ್ಷ ಕರೆಂಟ್ ಮೀಟರ್ ನೋಡಲು ಬಂದವನನ್ನು ಅರ್ಧ ಗಂಟೆ ಮಾತಿಗೆ ಕೂರಿಸಿಕೊಂಡೆ. ಮುಂದಿನ ತಿಂಗಳು ಅವನು ಕಿಟಕಿಯಿಂದಲೇ ಇಣುಕಿ ಓಡಿದ. ಆ ನಾಚಿಕೆಗೇ ಒಂದು ಕೆಲಸ ಹಿಡಿದಿದ್ದೇನೆ.

ಕಣ್ಣು ಕಾಣದವರ ಗ್ರಂಥಾಲಯದಲ್ಲಿ ವಾರಕ್ಕೆ ಮೂರು ದಿನ ಪುಸ್ತಕ ಓದಿ ರೆಕಾರ್ಡ್ ಮಾಡುವುದು. ಪುಟ್ಟ ಕೋಣೆ, ದನಿ ಮಾರ್ದನಿಸದಿರಲೆಂದು ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ್ದಾರೆ. ಹಾಳೆ ಮಗುಚುವ ಸದ್ದು ಬರಬಾರದೆಂದು ಮೇಜಿಗೆ ಕಂಬಳಿ ಹಾಸಿದೆ. ಫ್ಯಾನ್ ಹಾಕುವಂತಿಲ್ಲ, ಅಂಗಿ ಹಿಂಡಿದರೆ ಒಂದು ಲೋಟ ನೀರು ಸಿಕ್ಕೀತು. ಓದಿದ್ದನ್ನು ಕೇಳಿ ತಪ್ಪು ಹಿಡಿಯುವವರು ಒಬ್ಬ ಹೆಂಗಸು. ಅವರಿಗೂ ಕಣ್ಣಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೂತು ಬಂದವರು. ಎಲ್ಲರೂ ಕಿವಿಯಮ್ಮ ಎನ್ನುತ್ತಾರೆ. ಅಚ್ಚುಕೂಟದಲ್ಲಿ ಜನ್ಮವಿಡೀ ಬೇರೆಯವರ ಕರಡು ತಿದ್ದಿದ ನನ್ನನ್ನು ತಿದ್ದುವವರು ಕಡೆಗೂ ಸಿಕ್ಕರು.

ಈ ಸಲ ಕೊಟ್ಟದ್ದು ಹಳೆಯ ಕಾಲದ ಭಯದ ಕಥೆಗಳ ಪುಸ್ತಕ. ಅದರಲ್ಲೊಂದು ಕಥೆಯನ್ನು ಅಣ್ಣನೊಬ್ಬ ತಾನೇ ಹೇಳುತ್ತಾನೆ. ದೊಡ್ಡ ಕಲ್ಲಿನ ಮನೆ, ಹಿಂದೆಯೇ ಕೆರೆ. ತಂಗಿ ದೂರದ ಪ್ರವಾಸಕ್ಕೆ ಹೋಗಿದ್ದಾಳೆ, ತಾನು ಆರಾಮವಾಗಿದ್ದೇನೆ ಎಂದು ಪುಟಗಟ್ಟಲೆ ಹೇಳುತ್ತಾನೆ. ಕೊನೆಯಲ್ಲಿ ಪೊಲೀಸರು ಕೆರೆಗೆ ಬಲೆ ಹಾಕುತ್ತಾರೆ. ನಾನು ಒಂದಕ್ಷರ ತಪ್ಪದೆ ಓದಿ ಮುಗಿಸಿ, ಭೇಷ್ ಅನ್ನಿಸಿಕೊಳ್ಳಲು ಕಾದು ಕೂತೆ.

ಕಿವಿಯಮ್ಮ ಹೆಡ್‌ಫೋನ್ ತೆಗೆದು, ಇನ್ನೊಂದು ಸಲ ಓದಬೇಕು ಎಂದರು. ಎಲ್ಲಿ ತಪ್ಪಿದೆ ಎಂದು ಕೇಳಿದೆ.

"ಎಲ್ಲೂ ಇಲ್ಲ ಸಾರ್. ನೀವು ಅವನನ್ನ ನಂಬಿಬಿಟ್ಟಿದ್ದೀರಿ."

ಬರೆದದ್ದನ್ನು ಓದುವುದಷ್ಟೇ ನನ್ನ ಕೆಲಸ ಎಂದೆ, ಸ್ವಲ್ಪ ಗಡುಸಾಗಿಯೇ. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

"ಅವನು ಏನು ಹೇಳ್ತಾನೆ ಅನ್ನೋದನ್ನ ಬಿಡಿ. ಯಾವುದನ್ನ ಯಾವುದಕ್ಕೆ ಹೋಲಿಸ್ತಾನೆ, ಅದನ್ನ ಕೇಳಿ. ಸುಳ್ಳು ಹೇಳೋರು ಮಾತನ್ನ ಕಾಯ್ತಾರೆ, ಹೋಲಿಕೆ ಕಾಯೋಕೆ ಆಗಲ್ಲ ಅವರಿಗೆ."

ಮುನಿಸಿಕೊಂಡು ಪುಸ್ತಕ ಎತ್ತಿಕೊಂಡು ಮನೆಗೆ ಬಂದೆ. ಎರಡು ದಿನ ಗ್ರಂಥಾಲಯದ ಕಡೆ ತಲೆ ಹಾಕಲಿಲ್ಲ. ಆಮೇಲೆ ಹಳೆಯ ಚಾಳಿಯಂತೆ ಪೆನ್ಸಿಲ್ ಹಿಡಿದು ಕೂತೆ. ಪರದೆ ಒದ್ದೆ ಕೂದಲಿನ ಹಾಗೆ ತೂಗುತ್ತಿತ್ತು ಎನ್ನುತ್ತಾನೆ. ಹೊಗೆ, ನೀರಿನಿಂದ ಮೇಲೆದ್ದ ಕೈಯ ಹಾಗೆ. ಮಧ್ಯಾಹ್ನದ ಮೌನ, ಕಲ್ಲು ಮುಳುಗಿದ ಮೇಲಿನ ಮೌನದ ಹಾಗೆ. ಹದಿನೆಂಟು ಕಡೆ ಗೀಟು ಹಾಕಿದೆ, ಎಲ್ಲ ಕಡೆಯೂ ನೀರು. ಕೊನೆಯ ಪುಟದವರೆಗೆ ಅವನು ಕೆರೆಯ ಹೆಸರನ್ನೇ ಎತ್ತುವುದಿಲ್ಲ. ತಂಗಿಯ ಕುರ್ಚಿಯನ್ನು ದಿನವೂ ಒರೆಸುತ್ತಾನೆ, ಪಾಪಿ. ಅವನು ಕೊಲೆಗಾರ ಅನ್ನುವುದಕ್ಕಿಂತ, ಅಷ್ಟು ದೊಡ್ಡ ಮನೆಯಲ್ಲಿ ತನ್ನ ಸುಳ್ಳನ್ನು ತಾನೊಬ್ಬನೇ ಕೇಳುತ್ತ ಕೂತಿದ್ದಾನಲ್ಲ ಅನ್ನುವುದೇ ನನ್ನನ್ನು ಹೆಚ್ಚು ಹೆದರಿಸಿತು. ಪೆನ್ಸಿಲ್ ಕೆಳಗಿಟ್ಟೆ. ನಾನೇ ಬರೆದ ಒಂದು ಪತ್ರ ನೆನಪಿಗೆ ಬಂದಿತ್ತು.

ನಿನ್ನೆ ಹೋಗಿ ಮತ್ತೆ ಓದಿದೆ. ಜೋರು ಮಾಡಲಿಲ್ಲ, ನಡುಗಿಸಲಿಲ್ಲ, ಅವನು 'ನಾನು ಆರಾಮವಾಗಿದ್ದೇನೆ' ಎನ್ನುವ ಕಡೆಯಲ್ಲೆಲ್ಲ ಸ್ವಲ್ಪ ಅವಸರ ಮಾಡಿದೆ, ಅಷ್ಟೇ. ಕೋಣೆಯ ಗಾಜಿನ ಕಿಟಕಿಯ ಆಚೆ ಕಿವಿಯಮ್ಮ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದರು. ಮುಗಿದ ಮೇಲೆ ಹೆಡ್‌ಫೋನ್ ತೆಗೆದಿಟ್ಟರು.

"ಈಗ ಕೇಳಿಸ್ತು," ಎಂದರು. "ಎಲ್ಲಿಂದ ತಂದ್ರಿ ಇದನ್ನ?"

"ಮನೆಯಿಂದ," ಎಂದೆ.

ಅವರು ಚಹಾ ತರಿಸಿಕೊಟ್ಟರು. ಕುಡಿದು ನಡೆದೇ ಮನೆಗೆ ಬಂದೆ.

ವೇಳೆಗೆ ಸರಿಯಾಗಿ ಊಟ ಮಾಡು. ಕಣ್ಣಿನ ಡಾಕ್ಟರ ಹತ್ತಿರ ಹೋಗುವುದನ್ನು ಮುಂದೂಡಬೇಡ. ನೀನು ಹಿಡಿದ ಕೆಲಸವೆಲ್ಲ ಕೈಗೂಡಲಿ, ನಿನ್ನ ಮನೆಯಲ್ಲಿ ಸದಾ ಮಾತಿರಲಿ.

ಇತಿ, ನಿನ್ನ
ಅಪ್ಪ

ತಾ.ಕ.: ಇದನ್ನು ಪತ್ರದ ಮೊದಲಲ್ಲೇ ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ಅಮ್ಮ ನಿದ್ದೆಯಲ್ಲೇ ಹೋದಳು, ಯಾರನ್ನೂ ಕೇಳಲಿಲ್ಲ ಎಂದು ಆಗ ನಿನಗೆ ಬರೆದಿದ್ದೆ. ನೀವಿಬ್ಬರೂ ಮಾತು ಬಿಟ್ಟಿದ್ದಿರಿ. ಆ ಕೋಪದಲ್ಲೇ ಅವಳು ಹೋದಳೆಂದು ಐದು ವರ್ಷದಿಂದ ನೀನು ನಂಬಿದ್ದೀಯ. ಅದು ಸುಳ್ಳು, ಮರಿ. ಕೊನೆಯ ಎರಡು ದಿನ ಅವಳಿಗೆ ಪೂರ್ತಿ ಎಚ್ಚರವಿತ್ತು. "ಅವಳಿಗೆ ಫೋನ್ ಮಾಡ್ರೀ, ತಪ್ಪು ನಂದೇ ಅಂತ ಹೇಳ್ಬೇಕು," ಎನ್ನುತ್ತಲೇ ಇದ್ದಳು. ನಾಳೆ ಮಾಡೋಣ ಎಂದೆ. ಮಾರನೆಯ ದಿನವೂ ಹಾಗೇ ಅಂದೆ. ನಲವತ್ತು ವರ್ಷ ಜೊತೆಗಿದ್ದ ನಾನು ಹಾಸಿಗೆಯ ಪಕ್ಕದಲ್ಲೇ ಕೂತಿದ್ದೆ, ನನಗೆ ಹೇಳಲು ಮಾತ್ರ ಅವಳ ಬಳಿ ಏನೂ ಇರಲಿಲ್ಲ. ಫೋನ್ ಮಾಡದೆ ಇದ್ದದ್ದು ಅದಕ್ಕೇ. ಬೇರೆ ಕಾರಣವಿಲ್ಲ.